ಮಾತ್ರೆಯ ಹೆಸರು ಡೈರಿಯಲ್ಲಿ ಯಾಕೆ ಬಂತು?

(ಸೋಮವಾರಪೇಟೆ ಕಡೆಯ ತಾಯಿಯೊಬ್ಬರ ಪತ್ರ. ನಾಲ್ಕನೇ ಕ್ಲಾಸಿನ ಮಗ ಒಂದು ಕಡೆ ಕೂರುವುದಿಲ್ಲ. ‘ಮಾತ್ರೆ ಶುರು ಮಾಡಿ, ಇಲ್ಲದಿದ್ದರೆ ಮುಂದಿನ ವರ್ಷ ಬೇರೆ ಶಾಲೆ ನೋಡಿಕೊಳ್ಳಿ’ ಎಂದು ಶಾಲೆಯವರು ಹೇಳಿದ್ದಾರೆ. ‘ಹುಚ್ಚಿನ ಮಾತ್ರೆ ಬೇಡವೇ ಬೇಡ’ ಅನ್ನುವುದು ಅತ್ತೆಯ ಮಾತು. ಬೇಡ ಅನ್ನುವ ಹಕ್ಕು ನಮಗಿದೆಯಾ ಎಂದು ಕೇಳಿದ್ದಾರೆ.)

ತಾಯಿ, ನಿಮ್ಮ ಹೆಸರು, ಊರು, ಶಾಲೆ ಯಾವುದನ್ನೂ ಇಲ್ಲಿ ಹಾಕಿಲ್ಲ. ನೀವು ಕಳಿಸಿದ ಡೈರಿ ಹಾಳೆಯ ಫೋಟೋ ನೋಡಿದೆ. ‘ಇವತ್ತೂ ಬೆಂಚು ಬಿಟ್ಟು ಓಡಾಡಿದ’ ಅಂತ ಮೂರು ದಿನ ಕೆಂಪು ಶಾಯಿಯಲ್ಲಿದೆ. ನಾಲ್ಕನೇ ದಿನ ಅದೇ ಕೈಬರಹದಲ್ಲಿ ಮಾತ್ರೆಯ ಹೆಸರು. ಓದಿ ಸಿಟ್ಟು ಬಂತು.

ಮಗು ಓಡಾಡಿದ ಅಂತ ಟೀಚರ್ ಬರೆಯಲೇಬೇಕು. ಮಾತ್ರೆ ಬರೆಯುವುದು ಅವರ ಕೆಲಸವಲ್ಲ. ಡೈರಿಯಲ್ಲಿ ಬರೆದಿರುವ ಮೀಥೈಲ್‌ಫೆನಿಡೇಟ್ ನಮ್ಮ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಕ್ಸ್‌ಗೆ ಸೇರಿದ್ದು. ಡಾಕ್ಟರ್ ಚೀಟಿಯನ್ನು 2 ಪ್ರತಿ ಬರೆಯಬೇಕು. ಒಂದನ್ನು ಮೆಡಿಕಲ್ ಶಾಪಿನವರು 2 ವರ್ಷ ಜೋಪಾನವಾಗಿ ಇಡಬೇಕು. ಅಷ್ಟು ಬಿಗಿ ಇರುವ ಔಷಧ ಅದು.

ಅಮೆರಿಕದಲ್ಲಿರುವ ನಿಮ್ಮ ತಮ್ಮ ಹೇಳಿದ್ದು ನಿಜ. ಇಂಥ ನಿಯಂತ್ರಿತ ಔಷಧ ತಗೊಂಡರೆ ಮಾತ್ರ ಶಾಲೆಗೆ ಬಾ ಅಂತ ಅಲ್ಲಿನ ಸರ್ಕಾರಿ ಶಾಲೆಗಳು ಷರತ್ತು ಹಾಕುವಂತಿಲ್ಲ. 2004ರಲ್ಲಿ ಕಾನೂನಿಗೇ ಸೇರಿಸಿದರು. ಕ್ಲಾಸಿನಲ್ಲಿ ಕಂಡದ್ದನ್ನು ಟೀಚರ್ ಹೆತ್ತವರಿಗೆ ಹೇಳಬಹುದು ಅಂತಲೂ ಅದರಲ್ಲೇ ಇದೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಇದೆ. ಸೇರಿಸಿಕೊಂಡ ಮಗುವನ್ನು ಎಂಟನೇ ಕ್ಲಾಸು ಮುಗಿಯುವವರೆಗೆ ಹೊರಗೆ ಹಾಕುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅದೊಂದು ನೋಡಿಕೊಳ್ಳಿ. ಶಾಲೆಯವರು ಹೇಳಿದ್ದನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಹಾಕಿ.

ಹಾಗಾದರೆ ಅತ್ತೆಯವರೇ ಸರಿಯಾ? ಅಲ್ಲ ತಾಯಿ. ಶಾಲೆಗೆ ‘ಇಲ್ಲ’ ಅನ್ನುವ ಹಕ್ಕು ನಿಮಗಿದೆ, ಆದರೆ ಅದನ್ನೇ ಹಿಡಿದುಕೊಂಡು ಡಾಕ್ಟರನ್ನು ತಪ್ಪಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ 18 ತುಂಬದ ಮಗುವಿನ ಪರ ಮಾತಾಡುವವರು ಹೆತ್ತವರು. ತೊಂದರೆ ಏನು, ಚಿಕಿತ್ಸೆ ಏನು, ಅಡ್ಡ ಪರಿಣಾಮ ಏನು ಎಂದು ಡಾಕ್ಟರ್ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕು. ಆದರೆ ಹೆತ್ತವರು ಮಗುವಿನ ಹಿತಕ್ಕೆ ವಿರುದ್ಧವಾಗಿ ನಡೆದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಬೇರೆಯವರನ್ನು ನೇಮಿಸಬಹುದು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಹಕ್ಕು ಕೊಟ್ಟಿರುವುದು ಮಗುವಿಗೋಸ್ಕರ, ಅಲ್ವಾ?

ಕಣದಲ್ಲಿ ಕಾಫಿ ಹರಡಿದಾಗ ಮಗ ಒಂದು ಗಂಟೆ ಅಲುಗಾಡದೆ ಕೂತು ಕಡ್ಡಿ, ಎಲೆ ಆರಿಸುತ್ತಾನೆ, ಹಾಗಾಗಿ ಅವನಿಗೆ ಏನೂ ಇಲ್ಲ ಅಂತ ಬರೆದಿದ್ದೀರಿ. ಓದಿ ಖುಷಿಯಾಯಿತು. ಆದರೆ ಎಡಿಎಚ್‌ಡಿ (ಗಮನ ಇಡಲು, ಒಂದು ಕಡೆ ಕೂರಲು ಕಷ್ಟವಾಗುವ ತೊಂದರೆ) ಇರುವ ಮಕ್ಕಳೂ ಇಷ್ಟದ ಕೆಲಸದಲ್ಲಿ ಹೀಗೇ ಮುಳುಗುತ್ತಾರೆ. ಲಕ್ಷಣ ಕನಿಷ್ಠ 6 ತಿಂಗಳು ಇರಬೇಕು, ಶಾಲೆಯಲ್ಲಿ ಮಾತ್ರವಲ್ಲ, ಮನೆಯಲ್ಲೋ ಬೇರೆ ಕಡೆಯೋ ಕೂಡ ಕಾಣಬೇಕು. ಒಂದು ಡೈರಿ ಹಾಳೆಯಿಂದ ತೀರ್ಮಾನ ಮಾಡಲು ಆಗುವುದಿಲ್ಲ. ಮೊದಲು ಕಣ್ಣು, ಕಿವಿ ತೋರಿಸಿ. ಅಕ್ಷರ ಕೂಡಿಸಿ ಓದಲು ಕಷ್ಟಪಡುತ್ತಾನಾ ಅಂತಲೂ ನೋಡಿ. ಪಾಠ ಅರ್ಥವಾಗದ ಮಗು ಬೆಂಚು ಬಿಟ್ಟು ಏಳುತ್ತದೆ.

ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಮಳೆಗೆ ರಸ್ತೆ ಕೆಟ್ಟಿದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಾತ್ರೆಯಿಂದ ತುಂಬಾ ಮಕ್ಕಳಿಗೆ ನಿಜಕ್ಕೂ ಅನುಕೂಲವಾಗಿದೆ. ಹಸಿವು ಕಮ್ಮಿ ಆಗಬಹುದು, ನಿದ್ದೆ ಕೆಡಬಹುದು, ಎತ್ತರ ತೂಕ ನೋಡುತ್ತಾ ಇರಬೇಕು. ಶುರು ಮಾಡಿದ ಮೇಲೆ ಅತ್ತೆ ಬೈದರು ಅಂತ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ‘ಹುಚ್ಚು’ ಅನ್ನುವ ಮಾತು ಮಾತ್ರ ಹುಡುಗನ ಕಿವಿಗೆ ಬೀಳಬಾರದು. ಇದನ್ನು ಅತ್ತೆಯವರಿಗೆ ನಿಮ್ಮ ಯಜಮಾನರು ಹೇಳಲಿ.

ಇನ್ನೊಂದು. ನಿಮ್ಮ 4 ಪುಟದ ಪತ್ರದಲ್ಲಿ ಟೀಚರ್, ಅತ್ತೆ, ಯಜಮಾನರು, ತಮ್ಮ, ಎಲ್ಲರ ಮಾತೂ ಇದೆ. ಹುಡುಗನ ಮಾತು ಒಂದೂ ಇಲ್ಲ. ಕ್ಲಾಸಿನಲ್ಲಿ ಎದ್ದು ಹೋಗಬೇಕು ಅಂತ ಯಾವಾಗ ಅನ್ನಿಸುತ್ತೆ ಅಂತ ಅವನನ್ನೇ ಕೇಳಿ. ಇವತ್ತೇ, ಕಣದ ಹತ್ತಿರ ಕೂತಿರುವಾಗ ಕೇಳಿ. ಅವನು ಹೇಳಿದ್ದನ್ನು ಬರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ.