ಪುಟದ ಮೇಲಿನ ಹೆಸರು, ಪುಟ ಬರೆದ ಕೈ

ಧಾರವಾಡದ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯ ಕಾಮಿಕ್ಸ್ ಲೇಖನದಲ್ಲಿ, ಬ್ಯಾಟ್‌ಮ್ಯಾನನ ಮೊದಲ ವರ್ಷದ ಕಥೆಗಳನ್ನೆಲ್ಲ ಬರೆದಿದ್ದು ಬಿಲ್ ಫಿಂಗರ್ ಎಂದಿದ್ದೀರಿ. ನನ್ನ ಹತ್ತಿರ ಆ ಕಥೆಗಳ ಮರುಮುದ್ರಣ ಇದೆ. ಅದರಲ್ಲಿ ಬಾಬ್ ಕೇನ್ ಎಂಬ ಒಂದೇ ಸಹಿ. ಅಚ್ಚಾದ ಹೆಸರನ್ನು ಬಿಟ್ಟು, ಯಾರೋ ಆಮೇಲೆ ಹೇಳಿದ್ದನ್ನು ನಂಬುವುದು ಹೇಗೆ? ಅಷ್ಟು ದೊಡ್ಡ ಅನ್ಯಾಯ ಆಗಿದ್ದರೆ ಆ ಮನುಷ್ಯ ಆಗಲೇ ಯಾಕೆ ಬಾಯಿ ಬಿಡಲಿಲ್ಲ? ಅಲ್ಲದೆ ಗಾರ್ಡ್‌ನರ್ ಫಾಕ್ಸ್ ಹೆಸರನ್ನು ನೀವೂ ನುಂಗಿದ್ದೀರಲ್ಲ!”

ನಮಸ್ಕಾರ. ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಸರಿ. ‘ಡಿಟೆಕ್ಟಿವ್ ಕಾಮಿಕ್ಸ್’ನ 27ನೇ ಸಂಚಿಕೆಯಲ್ಲಿ, ಅಂದರೆ 1939ರ ಮೇ ತಿಂಗಳ ಸಂಚಿಕೆಯಲ್ಲಿ, ಬ್ಯಾಟ್‌ಮ್ಯಾನ್ ಮೊದಲು ಬಂದ. ಆರು ಪುಟದ ಕಥೆ. ಅದನ್ನೂ ಮುಂದಿನ ತಿಂಗಳಿನದನ್ನೂ ಬರೆದವರು ಫಿಂಗರ್. ಮೂರನೆಯದರಿಂದ ಕೆಲವು ಕಥೆಗಳನ್ನು ಬರೆದವರು ಫಾಕ್ಸ್. ಬ್ಯಾಟ್‌ಮ್ಯಾನನ ಸೊಂಟದ ಪಟ್ಟಿಗೆ ಸಾಮಾನು ತುಂಬಿದ್ದು, ಅವನ ಕೈಗೆ ತಿರುಗಿ ಬರುವ ಬಾವಲಿ ಆಯುಧ ಕೊಟ್ಟಿದ್ದು ಫಾಕ್ಸ್ ಕಥೆಗಳೇ. ‘ಎಲ್ಲ’ ಎಂದು ಅಚ್ಚಾಗಿದ್ದು ತಪ್ಪು.

ಆದರೆ ಅಚ್ಚಾದ ಹೆಸರೇ ಸಾಕ್ಷಿ ಎನ್ನುವ ನಿಮ್ಮ ವಾದ ಒಪ್ಪಲು ಆಗುವುದಿಲ್ಲ. ಆ ಕಾಲದ ಅಮೆರಿಕದ ಕಾಮಿಕ್ಸ್‌ನಲ್ಲಿ ಪುಟದ ಮೇಲಿನ ಹೆಸರು, ಕರಾರು ಯಾರದು ಅಂತ ಹೇಳುತ್ತಿತ್ತು. ಬರೆದವರು ಯಾರು ಅಂತ ಹೇಳುತ್ತಿರಲಿಲ್ಲ. ಚಿತ್ರಕಾರ ಕೇನ್, ಪ್ರಕಾಶನ ಕಂಪನಿಯ (ಈಗಿನ ಡಿಸಿ ಕಾಮಿಕ್ಸ್) ಜೊತೆ ಮಾಡಿಕೊಂಡ ಕರಾರಿನಿಂದಾಗಿ ಬ್ಯಾಟ್‌ಮ್ಯಾನ್ ಪುಟಗಳಲ್ಲಿ ಅವರೊಬ್ಬರದೇ ಸಹಿ ಉಳಿಯಿತು. ಕಥೆ ಬಿಡಿ, ಚಿತ್ರವೂ ಹಾಗೇ. 1953ರಿಂದ 1967ರವರೆಗೆ ಶೆಲ್ಡನ್ ಮೋಲ್ಡಾಫ್ ಬೇನಾಮಿಯಾಗಿ ಪುಟಗಟ್ಟಲೆ ಬ್ಯಾಟ್‌ಮ್ಯಾನ್ ಚಿತ್ರ ಬರೆದುಕೊಟ್ಟರು. ಕೆಳಗೆ ಬಿದ್ದ ಸಹಿ ಮಾತ್ರ ಬಾಬ್ ಕೇನ್‌ದು. ಆ ಸಹಿಯನ್ನು ನಂಬಿದರೆ ಕೇನ್‌ಗೆ ಎಷ್ಟು ಕೈ ಇದ್ದವು ಅಂತ ಎಣಿಸಬೇಕಾಗುತ್ತದೆ!

ಹಾಗಾದರೆ ಕೇನ್ ಏನೂ ಮಾಡಲಿಲ್ಲವೇ? ಮಾಡಿದರು. 1938ರಲ್ಲಿ ಸೂಪರ್‌ಮ್ಯಾನ್ ಗೆದ್ದ ಮೇಲೆ ಕಂಪನಿಗೆ ಅಂಥದ್ದೇ ಇನ್ನೊಬ್ಬ ವೀರ ಬೇಕಿತ್ತು. ಕೇನ್ ಒಂದು ಚಿತ್ರ ಬರೆದುಕೊಂಡು ಬಂದರು. ಕೆಂಪು ಬಿಗಿ ಉಡುಪು, ಬೆನ್ನಿಗೆ ಸೆಟೆದ ರೆಕ್ಕೆ, ಕಣ್ಣಿಗೆ ಪುಟ್ಟ ಮುಖವಾಡ. ಹೆಸರು ಬ್ಯಾಟ್‌ಮ್ಯಾನ್. ಅದನ್ನು ನೋಡಿ ಫಿಂಗರ್ ಹೇಳಿದ್ದು: ಮುಖವಾಡ ತೆಗೆದು ಬಾವಲಿ ಕಿವಿಯ ಕುಲಾವಿ ಹಾಕು, ರೆಕ್ಕೆ ಬದಲು ಮೇಲಂಗಿ ಇರಲಿ, ಕೈಗೆ ಗವುಸು ಹಾಕು, ಕೆಂಪು ಬೇಡ, ಬೂದು ಬಣ್ಣ ಕೊಡು, ಕಣ್ಣಲ್ಲಿ ಪಾಪೆ ಬೇಡ, ಬರೀ ಬಿಳಿ ಇರಲಿ. ಮುಖವಾಡದ ಹಿಂದಿನ ಮನುಷ್ಯನಿಗೆ ಬ್ರೂಸ್ ವೇನ್ ಎಂಬ ಹೆಸರು ಕೊಟ್ಟಿದ್ದೂ ಫಿಂಗರ್. ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್‌ನಿಂದ ಅರ್ಧ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾನಿ ಆಂಥನಿ ವೇನ್‌ನಿಂದ ಇನ್ನರ್ಧ. ಬ್ಯಾಟ್‌ಮ್ಯಾನನ ಊರಿಗೆ ಹೆಸರು ಹುಡುಕುತ್ತಾ ಟೆಲಿಫೋನ್ ಡೈರೆಕ್ಟರಿ ತಿರುವುವಾಗ ಗಾಥಮ್ ಎಂಬ ಆಭರಣದ ಅಂಗಡಿಯ ಹೆಸರು ಕಣ್ಣಿಗೆ ಬಿತ್ತಂತೆ. ಈಗ ನೀವೇ ಹೇಳಿ, ಕಣ್ಣು ಮುಚ್ಚಿ ಬ್ಯಾಟ್‌ಮ್ಯಾನನನ್ನು ನೆನೆಸಿಕೊಂಡರೆ ಕಾಣುವುದರಲ್ಲಿ ಕೇನ್ ಪಾಲು ಎಷ್ಟು?

ಫಿಂಗರ್ ಯಾಕೆ ಸುಮ್ಮನಿದ್ದರು? ಅವರು ಚಪ್ಪಲಿ ಅಂಗಡಿಯಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದ ಹುಡುಗ. ಬರೆಯುವ ಆಸೆ ಇತ್ತು. ಕೇನ್ ಅವರನ್ನು ಕರೆದು ತಮ್ಮ ಬೇನಾಮಿ ಬರಹಗಾರ ಮಾಡಿಕೊಂಡರು. ಅಂದರೆ ಮೊದಮೊದಲು ಫಿಂಗರ್‌ಗೆ ದುಡ್ಡು ಕೊಡುತ್ತಿದ್ದುದು ಕಂಪನಿಯಲ್ಲ, ಕೇನ್. ಕಂಪನಿಯ ಬಾಗಿಲಲ್ಲಿ ನಿಂತು ‘ನನ್ನದೂ ಪಾಲಿದೆ’ ಎನ್ನಲು ಅವರಿಗೆ ಕಾಗದವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಮುಂದೆ ಕಂಪನಿಗೇ ನೇರವಾಗಿ ಬರೆದರೂ ಸಿಕ್ಕಿದ್ದು ಪುಟದ ಲೆಕ್ಕದ ಕೂಲಿ. ಜೊತೆಗೆ ಮನುಷ್ಯ ನಿಧಾನ. ಹೇಳಿದ ದಿನಕ್ಕೆ ಕಥೆ ಕೊಟ್ಟವರಲ್ಲ. ಮುಂಗಡ ಕೇಳುವ ಕೈ ಜಗಳಕ್ಕೆ ಏಳುವುದು ಕಷ್ಟ, ಅಲ್ವಾ? ಜಗಳಕ್ಕೆ ಎದ್ದವರ ಗತಿಯೂ ಕಣ್ಣೆದುರಿಗೇ ಇತ್ತು. ಸೂಪರ್‌ಮ್ಯಾನ್ ಹುಟ್ಟಿಸಿದ ಸೀಗಲ್ ಮತ್ತು ಶುಸ್ಟರ್ 130 ಡಾಲರಿಗೆ ಹಕ್ಕು ಬರೆದುಕೊಟ್ಟಿದ್ದರು. 1947ರಲ್ಲಿ ಕೋರ್ಟಿಗೆ ಹೋದರು. ಇದ್ದ ಹೆಸರೂ ಪುಟದಿಂದ ಹೋಯಿತು. ಅದು ವಾಪಸ್ ಬರಲು 1975ರ ಕೊನೆಯವರೆಗೆ ಕಾಯಬೇಕಾಯಿತು.

ಫಿಂಗರ್ ಬಾಯಿ ಬಿಡಲೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. 1965ರಲ್ಲಿ ನ್ಯೂಯಾರ್ಕಿನಲ್ಲಿ ಕಾಮಿಕ್ಸ್ ಅಭಿಮಾನಿಗಳು ಸೇರಿದ್ದರು. ಫಿಂಗರ್ ಅಲ್ಲಿ ವೇದಿಕೆ ಹತ್ತಿ ಮಾತಾಡಿದರು. ಅದಾದ ಮೇಲೆ ಜೆರ್ರಿ ಬೇಲ್ಸ್ ಎಂಬ ಅಭಿಮಾನಿ ಫಿಂಗರ್ ಪಾಲೆಷ್ಟು ಎಂದು ಒಂದು ಲೇಖನ ಬರೆದು ಹಂಚಿದರು. ಕೇನ್‌ಗೆ ಸಿಟ್ಟು ಬಂತು. ಅದೇ ಸೆಪ್ಟೆಂಬರಿನಲ್ಲಿ ಅಭಿಮಾನಿಗಳ ಪತ್ರಿಕೆಯೊಂದಕ್ಕೆ ಉದ್ದದ ಪತ್ರ ಬರೆದು, ಬ್ಯಾಟ್‌ಮ್ಯಾನ್ ತಮ್ಮೊಬ್ಬರದೇ ಸೃಷ್ಟಿ ಎಂದು ಸಾಧಿಸಿದರು. ಅದೇ ಕೇನ್ 1989ರ ಆತ್ಮಕಥೆಯಲ್ಲಿ ಫಿಂಗರ್‌ಗೆ ಸಲ್ಲಬೇಕಾದ್ದು ಸಲ್ಲಲಿಲ್ಲ ಎಂದು ಒಪ್ಪಿಕೊಂಡರು. ಫಿಂಗರ್ 1974ರಲ್ಲೇ ತೀರಿಕೊಂಡಿದ್ದರು, 59ನೇ ವಯಸ್ಸಿಗೆ. ಒಪ್ಪಿಗೆ ಕೇಳಿಸಿಕೊಳ್ಳುವವರೇ ಇರಲಿಲ್ಲ.

ನನ್ನ ಕಸುಬಿನವರಿಗೆ ಖುಷಿ ಕೊಡುವ ಒಂದು ಸಂಗತಿ ಇದೆ. ಈ ಗಲಾಟೆ ಏಳುವ ಮೊದಲೇ, 1965ರ ಫೆಬ್ರವರಿಯ ‘ಬ್ಯಾಟ್‌ಮ್ಯಾನ್’ 169ನೇ ಸಂಚಿಕೆಯಲ್ಲಿ, ರಿಡ್ಲರ್ ಎಂಬ ಖಳನನ್ನು ಸೃಷ್ಟಿಸಿದ್ದು ಬಿಲ್ ಫಿಂಗರ್ ಎಂದು ಅಚ್ಚಾಗಿತ್ತು. ಎಲ್ಲಿ ಅಂತೀರಾ? ಓದುಗರ ಪತ್ರಗಳ ಅಂಕಣದಲ್ಲಿ. ಬರೆದವರು ಸಂಪಾದಕ ಜೂಲಿಯಸ್ ಶ್ವಾರ್ಟ್ಸ್. ಕಥೆಯ ಪುಟದಲ್ಲಿ ಜಾಗ ಸಿಗದ ಹೆಸರಿಗೆ ಪತ್ರದ ಪುಟದಲ್ಲಿ ಸಿಕ್ಕಿತು.

ಇನ್ನೊಂದು ವಿಷಯವನ್ನು ನಿಮ್ಮ ಪರವಾಗಿ ನಾನೇ ಹೇಳಿಬಿಡುತ್ತೇನೆ. ಫಿಂಗರ್ ಬರೆದ ಆ ಮೊದಲ ಕಥೆಯ ಹಂದರ ಅವರ ಸ್ವಂತದ್ದಲ್ಲ. ‘ಶ್ಯಾಡೋ’ ಎಂಬ ಪತ್ತೇದಾರಿ ಪತ್ರಿಕೆಯಲ್ಲಿ 1936ರಲ್ಲಿ ಬಂದ ಒಂದು ಕಾದಂಬರಿಯಿಂದ ಎತ್ತಿದ್ದು. ಶ್ಯಾಡೋ ಕಥೆಯನ್ನು ಅನುಸರಿಸಿದೆ ಎಂದು ಫಿಂಗರೇ ಹೇಳಿದ್ದುಂಟು. ಆ ಕಾದಂಬರಿ ಬರೆದವರು ಥಿಯೋಡೋರ್ ಟಿನ್ಸ್‌ಲಿ. ಆದರೆ ಪತ್ರಿಕೆಯಲ್ಲಿದ್ದ ಹೆಸರು ಮ್ಯಾಕ್ಸ್‌ವೆಲ್ ಗ್ರಾಂಟ್. ಹಾಗೆಂಬ ಮನುಷ್ಯನೇ ಇಲ್ಲ. ಯಾರು ಬರೆದರೂ ಕಂಪನಿ ಅಂಟಿಸುತ್ತಿದ್ದ ಹೆಸರು ಅದು. ಹೀಗೆ ಹೆಸರಿಲ್ಲದ ಒಬ್ಬನ ಕಥೆಯನ್ನು ಹೆಸರಿಲ್ಲದ ಇನ್ನೊಬ್ಬ ಎತ್ತಿ, ಮೂರನೆಯವನ ಹೆಸರಲ್ಲಿ ಅಚ್ಚು ಮಾಡಿಸಿದ. ಫಿಂಗರ್‌ರನ್ನು ದೇವರ ಪಟದ ಪಕ್ಕ ಕೂರಿಸುವವರಿಗೆ ಇದು ಇಷ್ಟವಾಗುವುದಿಲ್ಲ. ನನಗೇನೋ ಇದರಿಂದ ಅವರ ಮೇಲಿನ ಗೌರವ ಜಾಸ್ತಿಯೂ ಆಗಿಲ್ಲ, ಕಮ್ಮಿಯೂ ಆಗಿಲ್ಲ. ತಿಂಗಳ ಕೊನೆಗೆ ಪುಟ ತುಂಬಿಸಬೇಕಾದವರ ಪಾಡು ನನಗೆ ಗೊತ್ತು.

ಹೆಂಗಸರ ಕಥೆ ಇನ್ನೂ ಬೇರೆ. ‘ವಂಡರ್ ವುಮನ್’ ಮೇಲೆ ಚಾರ್ಲ್ಸ್ ಮೌಲ್ಟನ್ ಎಂಬ ಹೆಸರಿರುತ್ತಿತ್ತು. ಅದು ವಿಲಿಯಂ ಮಾರ್ಸ್‌ಟನ್ ಅವರ ಗುಪ್ತನಾಮ. 1944ರಲ್ಲಿ ಮಾರ್ಸ್‌ಟನ್‌ಗೆ ಪೋಲಿಯೋ ಆಯಿತು. ಸಹಾಯಕ್ಕೆಂದು ಸೇರಿದ್ದ ಜಾಯ್ ಹಮೆಲ್ ಎಂಬ ಅವರ ವಿದ್ಯಾರ್ಥಿನಿ 70ಕ್ಕೂ ಹೆಚ್ಚು ಕಥೆ ಬರೆದರು. ಹೆಸರು ಮೌಲ್ಟನ್‌ದೇ ಉಳಿಯಿತು. 2018ರಲ್ಲಿ, ವಯಸ್ಸು 90 ದಾಟಿದ ಮೇಲೆ, ಅವರಿಗೆ ಒಂದು ಪ್ರಶಸ್ತಿ ಬಂತು. ಮರೆಯಲ್ಲಿ ಉಳಿದ ಕಾಮಿಕ್ಸ್ ಬರಹಗಾರರಿಗೆಂದು ಕೊಡುವ ಆ ಪ್ರಶಸ್ತಿಯ ಹೆಸರು ಬಿಲ್ ಫಿಂಗರ್ ಪ್ರಶಸ್ತಿ.

‘ಆಮೇಲೆ ಯಾರೋ ಹೇಳಿದ್ದು’ ಎಂದು ನೀವು ಬರೆದದ್ದಕ್ಕೂ ಒಂದು ಮಾತು. ಈ ಹೆಸರುಗಳನ್ನು ಹುಡುಕಿ ತೆಗೆದಿದ್ದು ಬರೀ ಗಾಳಿಮಾತಿನಿಂದಲ್ಲ. ಸಂಪಾದಕರು ಇಟ್ಟ ಸಂಭಾವನೆಯ ಲೆಕ್ಕ, ಬರಹಗಾರರು ಉಳಿಸಿಕೊಂಡ ಕಾಗದ ಪತ್ರ, ಜೊತೆಗೆ ಕೆಲಸ ಮಾಡಿದವರ ಮಾತು, ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡಿದ್ದಾರೆ. ಫಾಕ್ಸ್ ತಮ್ಮ ಕಾಗದಗಳನ್ನು ಆರೆಗಾನ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಎಲ್ಲ ಜಗಳವೂ ಇದರಿಂದ ತೀರುವುದಿಲ್ಲ. ಬ್ಯಾಟ್‌ಮ್ಯಾನನ ಖಳ ಜೋಕರ್ ಯಾರ ತಲೆಯಿಂದ ಬಂದ ಎಂಬ ಬಗ್ಗೆ ಕೇನ್, ಫಿಂಗರ್, ಕೇನ್‌ರ ಸಹಾಯಕ ಚಿತ್ರಕಾರ ಜೆರ್ರಿ ರಾಬಿನ್ಸನ್ ಮೂವರೂ ಒಂದೇ ಮಾತು ಹೇಳಲಿಲ್ಲ. ಮಾದರಿಗೆ ಜೋಕರ್ ಇಸ್ಪೀಟೆಲೆ ತಂದದ್ದು ನಾನು ಎಂದು ರಾಬಿನ್ಸನ್. ಅದು ಬಂದಿದ್ದು ಆಮೇಲೆ ಎಂದು ಕೇನ್. ಫಿಂಗರ್ ತೋರಿಸಿದ್ದು ಹಲ್ಲು ಕಿರಿದ ನಟ ಕಾನ್ರಾಡ್ ವೈಟ್‌ನ ಒಂದು ಫೋಟೋ. ಆ ಗಂಟು ಬಿಚ್ಚಲು ನನ್ನ ಕೈಯಲ್ಲಿ ಆಗದು.

2015ರಲ್ಲಿ ಕಂಪನಿ ಕೊನೆಗೂ ಫಿಂಗರ್ ಹೆಸರು ಹಾಕಲು ಒಪ್ಪಿತು. ಈಗ ಸಿನಿಮಾದಲ್ಲೂ ಕಾಮಿಕ್ಸ್‌ನಲ್ಲೂ ಬರುವ ಸಾಲು ಹೀಗಿದೆ: ‘ಬಿಲ್ ಫಿಂಗರ್ ಜೊತೆಗೂಡಿ ಬಾಬ್ ಕೇನ್ ಸೃಷ್ಟಿಸಿದ್ದು’. ‘ಕೇನ್ ಮತ್ತು ಫಿಂಗರ್’ ಅಂತ ಅಲ್ಲ, ನೋಡಿ. ‘ಮತ್ತು’ ಎಂಬ ಒಂದು ಮಾತಿಗೆ 76 ವರ್ಷವೂ ಸಾಲಲಿಲ್ಲ.

ಇನ್ನು ನಮ್ಮ ತಪ್ಪು. ಲೇಖಕಿಯ ಹಸ್ತಪ್ರತಿ ತೆಗೆದು ನೋಡಿದೆ. ಅವರು ಬರೆದಿದ್ದು ‘ಮೊದಲ ಎರಡು ಕಥೆಗಳನ್ನು ಫಿಂಗರ್, ನಂತರದ ಕೆಲವನ್ನು ಫಾಕ್ಸ್’ ಎಂದು. ಒಂದು ಸಾಲು ಉಳಿಸಲು ಫಾಕ್ಸ್‌ರನ್ನು ತೆಗೆದು ‘ಎಲ್ಲ’ ಸೇರಿಸಿದ್ದು ನಾನು. ಬೈಗುಳ ಹೋಗಿದ್ದು ಅವರ ಹೆಸರಿಗೆ. ಮುಂದಿನ ಪತ್ರದಲ್ಲಿ ದಯವಿಟ್ಟು ನನ್ನನ್ನು ಬೈಯಿರಿ.

— ಸಂ.