ಬಿಸಿಯಾದಾಗ ಸೆಲ್ಫ್ ಏಕೆ ಎತ್ತುವುದಿಲ್ಲ?

ಪ್ರಶ್ನೆ: ಹತ್ತು ವರ್ಷದ ಪೆಟ್ರೋಲ್ ಕಾರು, ದಿನಾ ಸಂಡೂರಿನಿಂದ ಬಳ್ಳಾರಿಗೆ ಓಡಾಟ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಬಳ್ಳಾರಿಯಲ್ಲಿ ನಿಲ್ಲಿಸಿ ಹತ್ತು ನಿಮಿಷದ ನಂತರ ಕೀ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಗುಣ ಕಾಣಲಿಲ್ಲ. ಸೆಲ್ಫ್ (ಸ್ಟಾರ್ಟರ್) ಮೋಟರನ್ನೇ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಬೇಕೇ?
(ಓದುಗರು, ಸಂಡೂರು)

ಉತ್ತರ: ಈಗಲೇ ಬೇಡ. ಆ ಒಂದು ‘ಟಕ್’ ಸದ್ದೇ ಅರ್ಧ ವಿಷಯ ಹೇಳುತ್ತಿದೆ. ಅದು ಮೋಟರಿನ ಮೇಲಿರುವ ಸೊಲೆನಾಯ್ಡ್, ಅಂದರೆ ಮೋಟರಿಗೆ ಕರೆಂಟ್ ಬಿಡುವ ವಿದ್ಯುತ್ಕಾಂತದ ಸ್ವಿಚ್, ಎಳೆದುಕೊಂಡ ಸದ್ದು. ಹಾಗಾಗಿ ಕೀ, ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್), ಸೊಲೆನಾಯ್ಡಿಗೆ ಬರುವ ತೆಳು ವೈರು ಬಹುಮಟ್ಟಿಗೆ ಸರಿಯಾಗಿವೆ. ಅದರಾಚೆಗಿನ ದಪ್ಪ ಕೇಬಲ್, ಸೊಲೆನಾಯ್ಡಿನೊಳಗಿನ ತಾಮ್ರದ ಕಾಂಟ್ಯಾಕ್ಟ್, ಮೋಟರಿನ ತಿರುಗುವ ಭಾಗವಾದ ಆರ್ಮೇಚರ್, ಅದಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್, ಎಂಜಿನ್ನಿನ ಅರ್ತ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಇವುಗಳಲ್ಲಿ ಯಾವುದೋ ಕೈಕೊಡುತ್ತಿದೆ.

ಗಾಡಿ ನಿಲ್ಲಿಸಿದ ಮೇಲೆ ಗಾಳಿ ಹರಿಯುವುದಿಲ್ಲ, ಎಂಜಿನ್ನಿನ ಕಾವು ಮೋಟರಿಗೆ ಏರುತ್ತಲೇ ಇರುತ್ತದೆ. 30 ಡಿಗ್ರಿಯಲ್ಲಿದ್ದ ತಾಮ್ರದ ಸುರುಳಿ 90 ಡಿಗ್ರಿಗೆ ಬಂದರೆ ಅದರ ರೋಧ ಸುಮಾರು ಶೇ 23ರಷ್ಟು ಹೆಚ್ಚುತ್ತದೆ. ಗಟ್ಟಿ ಮೋಟರು ಇದನ್ನು ತಡೆದುಕೊಳ್ಳುತ್ತದೆ, ಸವೆದದ್ದು ತಡೆಯುವುದಿಲ್ಲ. ಜೊತೆಗೆ ನಿಮ್ಮ ದಾರಿಯ ಅದಿರಿನ ಕೆಂಪು ಧೂಳು ಬ್ರಷ್ ಗೂಡಿಗೂ, ಆರ್ಮೇಚರಿನ ತುದಿ ಕೂತು ತಿರುಗುವ ಬುಷ್‌ಗೂ ಸೇರಿ ಉಜ್ಜುತ್ತದೆ. ಲೋಹಕ್ಕೆ ಮೆರುಗು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ ಎಂಬುದನ್ನು ನೆನೆದರೆ ಈ ಸವೆತ ಅರ್ಥವಾಗುತ್ತದೆ.

ಒಂದು ಮಲ್ಟಿಮೀಟರ್ ಗಾಡಿಯಲ್ಲೇ ಇಟ್ಟುಕೊಳ್ಳಿ. ತಣ್ಣಗಿರುವಾಗ ಅಳೆದು ಉಪಯೋಗವಿಲ್ಲ, ತೊಂದರೆ ಕಾಣಿಸಿದ ಆ ಗಳಿಗೆಯಲ್ಲೇ ಅಳೆಯಬೇಕು. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಕೀ ತಿರುಗಿಸಿ ಹಿಡಿದಿರಲಿ, 5 ಸೆಕೆಂಡಿಗಿಂತ ಹೆಚ್ಚು ಬೇಡ. ಮೀಟರು ಡಿ.ಸಿ. 20 ವೋಲ್ಟ್‌ನಲ್ಲಿರಲಿ.

ಮೊದಲು ಬ್ಯಾಟರಿ. ಮೀಟರಿನ ಕಡ್ಡಿಗಳನ್ನು ಕ್ಲ್ಯಾಂಪಿಗಲ್ಲ, ನೇರ ಸೀಸದ ಕಂಬಕ್ಕೇ ಮುಟ್ಟಿಸಿ. 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಹೊಸ ಬ್ಯಾಟರಿ ಚಾರ್ಜಿಲ್ಲದೆ ಕೂತಿದೆ, ಇಲ್ಲವೇ ಬುಷ್ ಸವೆದು ಆರ್ಮೇಚರ್ ಒಳಗೆ ಕಚ್ಚಿಕೊಂಡು ವಿಪರೀತ ಕರೆಂಟ್ ಎಳೆಯುತ್ತಿದೆ. 12ರ ಆಸುಪಾಸಿನಲ್ಲೇ ನಿಂತರೆ ಕರೆಂಟ್ ಹರಿಯುತ್ತಲೇ ಇಲ್ಲ, ದಾರಿ ಎಲ್ಲೋ ಕಡಿದಿದೆ.

ಆ ಜಾಗ ಹುಡುಕುವುದೇ ಮುಖ್ಯ ಕೆಲಸ. ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಮೋಟರಿನ ಮೈಗೂ ನಡುವೆ, ಕೀ ತಿರುಗಿಸಿದಾಗ, 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಪಟ್ಟಿಯೇ ಕಾರಣ. ಅದನ್ನು ಬಿಚ್ಚಿ, ಮುಟ್ಟುವ ಜಾಗವನ್ನು ಹೊಳೆಯುವಂತೆ ಉಜ್ಜಿ ಬಿಗಿದರೆ ಖರ್ಚಿಲ್ಲದೆ ಮುಗಿಯುತ್ತದೆ. ಅದು ಸರಿಯಿದ್ದರೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟ್ ನೋಡಿ. ಒಂದಕ್ಕೆ ಬ್ಯಾಟರಿ ಕೇಬಲ್ ಬರುತ್ತದೆ, ಇನ್ನೊಂದರಿಂದ ಹೆಣೆದ ತಾಮ್ರದ ತಂತಿ ಮೋಟರಿನೊಳಗೆ ಹೋಗುತ್ತದೆ. ‘ಟಕ್’ ಎಂದಾಗ, ನೆಗೆಟಿವ್ ಕಂಬದಿಂದ ಅಳೆದರೆ, ಮೊದಲ ಬೋಲ್ಟಿನಲ್ಲಿ 12 ಇದ್ದು ಎರಡನೆಯದರಲ್ಲಿ ಸೊನ್ನೆಯಾದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ಸೊಲೆನಾಯ್ಡ್ ಮಾತ್ರ ಬದಲಿಸಿ. ಎರಡರಲ್ಲೂ 12 ಇದ್ದೂ ಮೋಟರು ತಿರುಗದಿದ್ದರೆ ಬ್ರಷ್ ಅಥವಾ ಆರ್ಮೇಚರ್. ಆಗ ಮರದ ಹಿಡಿಯಿಂದ ಮೋಟರಿನ ಮೈಗೆ ಮೆಲ್ಲಗೆ ತಟ್ಟಿದರೆ ತಿರುಗಿತು ಎಂದಿಟ್ಟುಕೊಳ್ಳಿ, ಬ್ರಷ್ ಸವೆದಿದೆ. ಸುತ್ತಿಗೆ ಮಾತ್ರ ಬೇಡ. ಈಚಿನ ಎಷ್ಟೋ ಮೋಟರುಗಳಲ್ಲಿ ಆಯಸ್ಕಾಂತದ ತುಂಡುಗಳಿವೆ, ಒಂದೇಟಿಗೆ ಸೀಳುತ್ತವೆ. ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಅಭ್ಯಾಸವೂ ಬೇಡ. ಆ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ಜಾರಿ ಮೈಗೆ ತಗುಲಿದರೆ ಬೆಂಕಿ.

ಮೋಟರು ಇಳಿಸುವ ಮುನ್ನ ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು. ಬಿಚ್ಚಿದ ಮೇಲೆ ಬ್ರಷ್ ಹೊಸದರ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಸೆಟ್ಟನ್ನೇ ಬದಲಿಸಿ. ಬುಷ್‌ಗಳನ್ನೂ ಆಗಲೇ ಹಾಕಿಸಿ, ಕೂರಿಸುವ ಮುಂಚೆ ಎಂಜಿನ್ ಆಯಿಲ್‌ನಲ್ಲಿ ನೆನೆಸಿ. ಬ್ರಷ್ ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರಿಗೆ ನಯವಾದ ಮರಳು ಕಾಗದ ಸಾಕು. ಎಂಜಿನ್ನಿನ ಹಲ್ಲಿಗೆ ಕಚ್ಚಿ ಅದನ್ನು ತಿರುಗಿಸುವ ಬೆಂಡಿಕ್ಸನ್ನು ಪೆಟ್ರೋಲಿನಲ್ಲಿ ಮುಳುಗಿಸಿ ತೊಳೆಯುವುದನ್ನು ಮಾತ್ರ ಖಂಡಿತ ತಡೆಯಿರಿ, ಒಳಗಿನ ಗ್ರೀಸು ಕರಗಿಹೋಗಿ ಕೆಲವೇ ತಿಂಗಳಲ್ಲಿ ಅದು ಸುಮ್ಮನೆ ಗಿರಗಿರ ತಿರುಗತೊಡಗುತ್ತದೆ. ಮೋಟರಿನ ಬಳಿ ಶಾಖ ತಡೆಯುವ ತಗಡಿತ್ತೇ, ಹಿಂದಿನ ರಿಪೇರಿಯಲ್ಲಿ ಯಾರಾದರೂ ತೆಗೆದೆಸೆದಿದ್ದಾರೆಯೇ ಎಂದೂ ನೋಡಿ. ಅದಿಲ್ಲದೆ ಹೊಸ ಮೋಟರು ಹಾಕಿದರೂ ಇದೇ ಕಥೆ ಮರುಕಳಿಸೀತು.

ಪ್ರಶ್ನೆ: ಕೀ ತಿರುಗಿಸಿದರೆ ‘ಟಕಟಕಟಕ’ ಎಂದು ಬಿಡದೆ ಬಡಿಯುತ್ತದೆ, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ. ಕಾರು ಮೂರು ವಾರ ನಿಂತಿತ್ತು.
(ಓದುಗರು, ಗಂಗಾವತಿ)

ಉತ್ತರ: ಇದು ಬ್ಯಾಟರಿ ಇಳಿದ ಲಕ್ಷಣ. ನಿಂತ ಗಾಡಿಯಲ್ಲಿ ಮೀಟರು 12.6 ವೋಲ್ಟ್ ತೋರಿದರೆ ಪೂರ್ತಿ ಚಾರ್ಜ್, 12.2 ಅರ್ಧ, 12ಕ್ಕಿಂತ ಕೆಳಗೆ ಹೋದರೆ ಬಹುತೇಕ ಖಾಲಿ. ಅದಕ್ಕೂ ಮೊದಲು ಕ್ಲ್ಯಾಂಪ್ ಕೈಯಲ್ಲಿ ತಿರುಗುತ್ತದೆಯೇ, ಬಿಳಿ-ಹಸಿರು ಪುಡಿ ಕಟ್ಟಿದೆಯೇ ನೋಡಿ. ಸೋಡಾ ಪುಡಿ ಕಲಸಿದ ಬಿಸಿನೀರಿನಿಂದ ತೊಳೆದು ಬಿಗಿ ಮಾಡಿ, ನಿಧಾನವಾಗಿ ರಾತ್ರಿಯೆಲ್ಲ ಚಾರ್ಜ್ ಮಾಡಿಸಿ. ಎಂಜಿನ್ ಓಡುವಾಗ ಕಂಬಗಳ ನಡುವೆ 13.8ರಿಂದ 14.5 ವೋಲ್ಟ್ ಬಾರದಿದ್ದರೆ ದೋಷ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆಗಿದೆ.

ಪ್ರಶ್ನೆ: ದೀಪ, ಹಾರನ್ ಎಲ್ಲ ಜೋರಾಗಿವೆ, ಕೀ ತಿರುಗಿಸಿದರೆ ಸದ್ದೇ ಇಲ್ಲ.
(ಓದುಗರು, ಮಾನ್ವಿ, ರಾಯಚೂರು ಜಿಲ್ಲೆ)

ಉತ್ತರ: ಸೊಲೆನಾಯ್ಡಿಗೆ ಆಜ್ಞೆಯೇ ತಲುಪುತ್ತಿಲ್ಲ. ಆಟೋಮ್ಯಾಟಿಕ್ ಗಾಡಿಯಾದರೆ ಲಿವರನ್ನು ಪಿ ಬಿಟ್ಟು ಎನ್‌ಗೆ ತಂದು ನೋಡಿ. ಗೇರಿನ ಗಾಡಿಯಾದರೆ ಕ್ಲಚ್ಚನ್ನು ಪೂರ್ತಿ ಒತ್ತಿ, ಕೆಲವುದರಲ್ಲಿ ಅಲ್ಲೊಂದು ಸ್ವಿಚ್ಚಿದೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಗಾಡಿ ಆ ಕೀಯನ್ನು ಗುರುತಿಸಿಲ್ಲ, ಎರಡನೇ ಕೀ ಹಾಕಿ. ಇವೆಲ್ಲ ಸರಿಯಿದ್ದರೆ ಸ್ಟಾರ್ಟರ್ ರಿಲೇ ಕಿತ್ತು, ಅದೇ ನಂಬರಿನ ಹಾರನ್ ರಿಲೇ ಅಲ್ಲಿ ಕೂರಿಸಿ. ಆಗಲೂ ಸದ್ದಿಲ್ಲದಿದ್ದರೆ ಸೊಲೆನಾಯ್ಡಿನ ತೆಳು ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಕೀ ತಿರುಗಿಸಿ. ಉರಿದರೆ ಸೊಲೆನಾಯ್ಡ್, ಉರಿಯದಿದ್ದರೆ ಇಗ್ನಿಷನ್ ಸ್ವಿಚ್ ಅಥವಾ ನಡುವಿನ ವೈರು. ಗದ್ದೆ ಕೆಸರಿನಲ್ಲಿ ಓಡಿದ ಗಾಡಿಗಳಲ್ಲಿ ಆ ವೈರಿನ ಪಿನ್ ತುಕ್ಕು ಹಿಡಿದು ಕಳಚಿಕೊಂಡಿರುವುದುಂಟು, ಗಾಡಿ ಎತ್ತಿ ಅದನ್ನೊಮ್ಮೆ ಕಣ್ಣಾರೆ ನೋಡಿ.