ಧ್ವಜಕಂಬ ನೆಟ್ಟರೆ ಸಾಕೇ, ಮಾಸ್ತರೇ?

ಕಳೆದ ಸಂಚಿಕೆಯಲ್ಲಿ ಇಂಡೋನೇಷ್ಯಾಕ್ಕೆ ಸೇರಿದ, ಫಿಲಿಪೈನ್ಸ್ ಕಡೆಯ ಗಡಿ ದ್ವೀಪ ಮಿಯಾಂಗಸ್ ಬಗ್ಗೆ ಅರ್ಧ ಪುಟದ ಟಿಪ್ಪಣಿ ಹಾಕಿದ್ದೆವು. ಅದನ್ನು ಓದಿ ಕುಮಟಾ ಕಡೆಯ ನಿವೃತ್ತ ಮಾಸ್ತರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ತಿರುಳು ಇಷ್ಟು:

“‘1928ರಲ್ಲಿ ಅಮೆರಿಕದ ಎದುರು ಇಂಡೋನೇಷ್ಯಾ ಗೆದ್ದ ದ್ವೀಪ’ ಎಂದು ಬರೆದಿದ್ದೀರಿ. ಆಗ ಇಂಡೋನೇಷ್ಯಾ ಎಂಬ ದೇಶ ಎಲ್ಲಿತ್ತು ಸ್ವಾಮಿ? ಅದು ಹೋಗಲಿ. ಮೂರು ಚದರ ಕಿಲೋಮೀಟರ್ ಜಾಗ, ಸಾವಿರ ಜನರೂ ಇಲ್ಲ. ಅದಕ್ಕೊಂದು ವಿಮಾನ ನಿಲ್ದಾಣವಂತೆ! ನಮ್ಮೂರ ಹಳ್ಳಕ್ಕೆ ಕಾಲುಸಂಕ ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಯಿತು. ಆ ಜನರನ್ನು ದೊಡ್ಡ ದ್ವೀಪಕ್ಕೆ ಕರೆತಂದು ಮನೆ ಕಟ್ಟಿಕೊಟ್ಟು, ಅಲ್ಲಿ ಒಂದು ಧ್ವಜಕಂಬ, ನಾಲ್ಕು ಸೈನಿಕರನ್ನು ಇಟ್ಟರೆ ಮುಗಿಯಿತಲ್ಲ? ಗಡಿ ಕಾಯುವುದಕ್ಕೆ ಸಂಸಾರ ಯಾಕೆ ಬೇಕು?”

ಕೊನೆಯಲ್ಲಿ, ತಾವು ಹುಡುಗರಾಗಿದ್ದಾಗ ಕೈರಂಪಣಿ (ಊರವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ) ಎಳೆಯುತ್ತಿದ್ದ ಹಳೇ ಫೋಟೊ ಒಂದಿದೆ, ಪತ್ರಿಕೆಗೆ ಬೇಕಾದರೆ ಹೇಳಿ ಎಂದೂ ಸೇರಿಸಿದ್ದಾರೆ.

ಮಾಸ್ತರೇ, ನಮಸ್ಕಾರ.

ಮೊದಲನೆಯದು ನಮ್ಮದೇ ತಪ್ಪು. ಆ ಟಿಪ್ಪಣಿ ಬರೆದವನು ನಾನೇ ಆದ್ದರಿಂದ ಬೈಯಲು ಬೇರೆ ಯಾರೂ ಸಿಗಲಿಲ್ಲ. 1928ರಲ್ಲಿ ಗೆದ್ದದ್ದು ನೆದರ್ಲೆಂಡ್ಸ್. ಇಂಡೋನೇಷ್ಯಾ ಸ್ವಾತಂತ್ರ್ಯ ಸಾರಿದ್ದು 1945ರಲ್ಲಿ, ಡಚ್ಚರು ಅಧಿಕಾರ ಬಿಟ್ಟುಕೊಟ್ಟದ್ದು 1949ರ ಡಿಸೆಂಬರ್‌ನಲ್ಲಿ. ಉಳಿದ ದ್ವೀಪಗಳ ಜೊತೆ ಇದೂ ಹೊಸ ದೇಶದ ಪಾಲಿಗೆ ಬಂತು.

ಆದರೆ ನಿಮ್ಮ ಧ್ವಜಕಂಬದ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಯಾಕೆ ಅನ್ನುವುದು ನೀವು ಎತ್ತಿದ ಆ 1928ರ ಕೇಸಿನಲ್ಲೇ ಇದೆ. ಅರ್ಧ ಪುಟದಲ್ಲಿ ಅದನ್ನು ಹೇಳಲು ಜಾಗ ಸಾಲಲಿಲ್ಲ, ಈಗ ಹೇಳುತ್ತೇನೆ.

1898ರಲ್ಲಿ ಸ್ಪೇನ್ ಯುದ್ಧದಲ್ಲಿ ಸೋತು ಫಿಲಿಪೈನ್ಸನ್ನು ಅಮೆರಿಕಕ್ಕೆ ಕೊಟ್ಟಿತು. ಪ್ಯಾರಿಸ್ ಒಪ್ಪಂದದಲ್ಲಿ ಸಮುದ್ರದ ಮೇಲೆ ಚೌಕದ ಹಾಗೆ ಗೆರೆ ಎಳೆದು, ಇದರೊಳಗಿನದ್ದೆಲ್ಲ ನಿಮ್ಮದು ಎಂದರು. ಮಿಯಾಂಗಸ್ ಆ ಗೆರೆಯ ಒಳಗೆ ಬಿತ್ತು. ನಕ್ಷೆಯಲ್ಲಿ ಅದರ ಹೆಸರು ಪಾಲ್ಮಾಸ್. 1906ರ ಜನವರಿಯಲ್ಲಿ ಅಮೆರಿಕದ ಜನರಲ್ ಲಿಯೊನಾರ್ಡ್ ವುಡ್ ತಮ್ಮ ಹೊಸ ದ್ವೀಪ ನೋಡೋಣ ಎಂದು ಹೋದರು. ನೋಡಿದರೆ ದಡದಲ್ಲಿ ಡಚ್ ಬಾವುಟ. ಸ್ವಾಗತಕ್ಕೆ ಬಂದ ದೋಣಿಯ ಮೇಲೂ ಡಚ್ ಬಾವುಟ! ತನ್ನ ಗದ್ದೆ ಎಂದು ನೋಡಲು ಹೋದವನಿಗೆ ಅಲ್ಲಿ ಪಕ್ಕದ ಮನೆಯವನ ಎತ್ತು ಉಳುತ್ತಿರುವುದು ಕಂಡ ಹಾಗೆ.

ನೀವು ಹೇಳಬಹುದು, ನೋಡಿ, ಬಾವುಟವೇ ಕೆಲಸ ಮಾಡಿತಲ್ಲ ಎಂದು. ಇಲ್ಲ. ಬಾವುಟದಿಂದ ತಕರಾರು ಶುರುವಾಯಿತು ಅಷ್ಟೇ. ತೀರ್ಮಾನ ಮಾಡಿದ್ದು ಬೇರೆ. ಎರಡೂ ದೇಶಗಳು 1925ರಲ್ಲಿ ಒಪ್ಪಿ ಕೇಸನ್ನು ಹೇಗ್‌ನ ಕಾಯಂ ಪಂಚಾಯ್ತಿ ನ್ಯಾಯಾಲಯಕ್ಕೆ ಒಯ್ದವು. ಪಂಚರಾಗಿ ಕೂತವರು ಒಬ್ಬರೇ, ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಹ್ಯೂಬರ್. ಸ್ಪೇನಿನವರು ಮೊದಲು ಕಂಡರು, ಆಮೇಲೆ ನಮಗೆ ಕೊಟ್ಟರು, ಅದೂ ಅಲ್ಲದೆ ದ್ವೀಪ ಫಿಲಿಪೈನ್ಸಿಗೆ ಹತ್ತಿರ: ಇದು ಅಮೆರಿಕದ ವಾದ. ಡಚ್ಚರು ಹಳೇ ಕಡತದ ಗಂಟು ಬಿಚ್ಚಿದರು. ಆ ಕಡೆಯ ಸ್ಥಳೀಯ ರಾಜರ ಜೊತೆ ಡಚ್ ಈಸ್ಟ್ ಇಂಡಿಯಾ ಕಂಪನಿ 1677ರಿಂದ ಮಾಡಿಕೊಂಡಿದ್ದ ಕರಾರುಗಳು, ಅಧಿಕಾರಿಗಳು ಬಂದುಹೋದ ದಾಖಲೆ, ತಲೆಗಂದಾಯದ ಲೆಕ್ಕ, 1904ರ ಚಂಡಮಾರುತದ ನಂತರ ನೆರವು ಕಳಿಸಿದ ವಿವರ.

1928ರ ಏಪ್ರಿಲ್ 4ರಂದು ಹ್ಯೂಬರ್ ತೀರ್ಪು ಕೊಟ್ಟರು. ಮೊದಲು ಕಂಡೆ ಅಂದ ಮಾತ್ರಕ್ಕೆ ನಿನ್ನದಾಗುವುದಿಲ್ಲ, ಹತ್ತಿರ ಇದೆ ಅಂದ ಮಾತ್ರಕ್ಕೂ ಆಗುವುದಿಲ್ಲ. ತಕರಾರಿಲ್ಲದೆ ಬಿಡದೆ ಆಡಳಿತ ನಡೆಸಿಕೊಂಡು ಬಂದವರಿಗೇ ದ್ವೀಪ. ಸ್ಪೇನ್ ತನ್ನದಲ್ಲದ್ದನ್ನು ಅಮೆರಿಕಕ್ಕೆ ಕೊಡಲು ಬರುವುದಿಲ್ಲ. ಉದ್ದ ಎರಡು ಮೈಲಿ, ಅಗಲ ಮುಕ್ಕಾಲು ಮೈಲಿ ಇರುವ ಈ ಚೂರು ನೆಲದ ಕೇಸನ್ನು ಕಾನೂನು ಕಾಲೇಜುಗಳಲ್ಲಿ ಇಂದಿಗೂ ಪಾಠ ಮಾಡುತ್ತಾರೆ.

ಈಗ ಇದರ ಉಲ್ಟಾ ಕಥೆ ಕೇಳಿ. ಬೋರ್ನಿಯೋದ ಈಶಾನ್ಯ ಕರಾವಳಿಯಾಚೆ ಸಿಪಾದಾನ್, ಲಿಗಿತಾನ್ ಎಂಬ ಎರಡು ಪುಟ್ಟ ದ್ವೀಪಗಳಿವೆ. ಇಂಡೋನೇಷ್ಯಾ, ಮಲೇಷ್ಯಾ ಎರಡೂ ನಮ್ಮದು ಎಂದವು. ಇಂಡೋನೇಷ್ಯಾ 1891ರ ಬ್ರಿಟಿಷ್-ಡಚ್ ಒಪ್ಪಂದದ ಗೆರೆ ತೋರಿಸಿತು, 1921ರಲ್ಲಿ ಡಚ್ ಯುದ್ಧನೌಕೆಯೊಂದು ಆ ಕಡೆ ಸುತ್ತು ಹಾಕಿದ್ದನ್ನು ಹೇಳಿತು, ನಮ್ಮ ಮೀನುಗಾರರು ಹಿಂದಿನಿಂದಲೂ ಹೋಗುತ್ತಿದ್ದರು ಎಂದಿತು. ಮಲೇಷ್ಯಾ ತೋರಿಸಿದ್ದೇನು ಗೊತ್ತೇ? ಆಮೆ ಮೊಟ್ಟೆ. 1917ರಲ್ಲೇ ಉತ್ತರ ಬೋರ್ನಿಯೋದ ಬ್ರಿಟಿಷ್ ಆಡಳಿತ ಆಮೆ ಮೊಟ್ಟೆ ಹೆಕ್ಕುವುದಕ್ಕೆ ಕಾನೂನು ಮಾಡಿತ್ತು. 1933ರಲ್ಲಿ ಸಿಪಾದಾನನ್ನು ಪಕ್ಷಿಧಾಮ ಮಾಡಿತ್ತು. 1962 ಮತ್ತು 63ರಲ್ಲಿ ಎರಡೂ ಕಡೆ ದೀಪಸ್ತಂಭ ಎದ್ದಿದ್ದವು. 2002ರ ಡಿಸೆಂಬರ್ 17ರಂದು ಅಂತರರಾಷ್ಟ್ರೀಯ ನ್ಯಾಯಾಲಯ 16-1 ಮತದಿಂದ ದ್ವೀಪಗಳು ಮಲೇಷ್ಯಾದವು ಎಂದಿತು. ಯುದ್ಧನೌಕೆಯ ಸುತ್ತಿಗಿಂತ ಆಮೆ ಮೊಟ್ಟೆಯ ಕಾಯಿದೆಯೇ ಜಾಸ್ತಿ ತೂಗಿತು. ಇಂಡೋನೇಷ್ಯಾಕ್ಕೆ ಇನ್ನೂ ನೋವಾಗುವ ಮಾತೊಂದಿತ್ತು. ಅದರದ್ದೇ 1960ರ ಸಮುದ್ರ ಗಡಿ ಕಾನೂನಿನಲ್ಲಿ ಈ ಎರಡು ದ್ವೀಪಗಳ ಸುದ್ದಿಯೇ ಇರಲಿಲ್ಲ!

ಇಲ್ಲಿ ನಿಮಗೂ ಅರ್ಧ ಅಂಕ ಕೊಡಬೇಕು. ಆಗೆಲ್ಲ ಆ ದ್ವೀಪಗಳಲ್ಲಿ ಕಾಯಂ ಆಗಿ ಸಂಸಾರ ಹೂಡಿದವರು ಇರಲಿಲ್ಲ. ಅಂದರೆ ಜನ ಇರಲೇಬೇಕು ಅಂತೇನಿಲ್ಲ, ಆಡಳಿತ ಇರಬೇಕು. ಆದರೆ ಸುಮ್ನೆ ಯೋಚಿಸಿ: ಜನರೇ ಇಲ್ಲದ ಕಡೆ ಯಾವ ಸರ್ಕಾರ ಶಾಲೆ, ಅಂಚೆ, ದವಾಖಾನೆ ಎಂದು ವರ್ಷಗಟ್ಟಲೆ ಓಡಾಡುತ್ತದೆ? ಆ ಸೋಲಿನ ನಂತರ ಇಂಡೋನೇಷ್ಯಾ ಗಡಬಡಿಸಿ ಎದ್ದಿತು. 2005ರಲ್ಲಿ ಅಂಚಿನ 92 ದ್ವೀಪಗಳ ಪಟ್ಟಿ ಮಾಡಿತು. 2017ರಲ್ಲಿ ಪಟ್ಟಿ 111ಕ್ಕೆ ಏರಿತು.

ಈ ಅಂಚಿನ ದ್ವೀಪಗಳು ಬೇಲಿಗೂಟ ಇದ್ದ ಹಾಗೆ. ಮೊದಲು ಪ್ರತಿ ದ್ವೀಪದ ಸುತ್ತ ಮೂರು ಮೈಲಿ ನೀರು ಮಾತ್ರ ಅದರದ್ದು, ನಡುವಿನ ಸಮುದ್ರ ಯಾರದ್ದೂ ಅಲ್ಲ. 1957ರ ಡಿಸೆಂಬರ್ 13ರಂದು ಪ್ರಧಾನಿ ಜುವಾಂಡಾ, ನಡುವಿನ ನೀರೂ ನಮ್ಮದೇ ಎಂದು ಸಾರಿದರು. ದೊಡ್ಡ ದೇಶಗಳು ಮೂಗು ಮುರಿದವು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಅದನ್ನು ಒಪ್ಪಿತು. ಹೊರಗಿನ ದ್ವೀಪದಿಂದ ದ್ವೀಪಕ್ಕೆ ಗೆರೆ ಎಳೆಯಬಹುದು, ಸಾಮಾನ್ಯವಾಗಿ ಒಂದೊಂದು ಗೆರೆ 100 ನಾಟಿಕಲ್ ಮೈಲಿ (ಸುಮಾರು 185 ಕಿಲೋಮೀಟರ್) ದಾಟಬಾರದು. ಗೂಟ ಕಿತ್ತರೆ ಬೇಲಿ ಒಳಕ್ಕೆ ಬಾಗುತ್ತದೆ. ಸುತ್ತ ಬೇರೆ ನೆಲವೇ ಇಲ್ಲದ, ಜನವಾಸದ ಒಂದು ದ್ವೀಪಕ್ಕೆ 200 ನಾಟಿಕಲ್ ಮೈಲಿವರೆಗಿನ ಮೀನು, ತೈಲದ ಹಕ್ಕು ಸಿಕ್ಕರೆ ಆ ವೃತ್ತ ಎರಡು ಕರ್ನಾಟಕಕ್ಕಿಂತ ದೊಡ್ಡದು! ಮಿಯಾಂಗಸ್‌ಗೆ ಅಷ್ಟು ಸಿಗುವುದಿಲ್ಲ, ಫಿಲಿಪೈನ್ಸಿನ ಮಿಂಡನಾವೊ ನೂರು ಕಿಲೋಮೀಟರ್ ಒಳಗೇ ಇದೆ. ಎರಡೂ ದೇಶಗಳು ಇಪ್ಪತ್ತು ವರ್ಷ ಮಾತಾಡಿ 2014ರ ಮೇ ತಿಂಗಳಲ್ಲಿ ಮನಿಲಾದಲ್ಲಿ ಗೆರೆಗೆ ಸಹಿ ಹಾಕಿದವು.

ಈ ಲೆಕ್ಕ ನಮಗೂ ಹೊರತಲ್ಲ. ಸುಮಾತ್ರಾದ ತುದಿಯಾಚೆ ಇರುವ ಇಂಡೋನೇಷ್ಯಾದ ರೊಂಡೊ ದ್ವೀಪಕ್ಕೂ ನಮ್ಮ ಗ್ರೇಟ್ ನಿಕೋಬಾರ್‌ಗೂ ನಡುವೆ 160 ಕಿಲೋಮೀಟರ್ ಆಸುಪಾಸು ನೀರು. ಅಲ್ಲಿನ ಗೆರೆಯನ್ನು 1974ರಲ್ಲಿ ಎಳೆದದ್ದು. 2004ರ ಸುನಾಮಿಯಲ್ಲಿ ನಮ್ಮ ಇಂದಿರಾ ಪಾಯಿಂಟ್ ನಾಲ್ಕು ಮೀಟರ್‌ಗಿಂತ ಜಾಸ್ತಿ ಕುಸಿದು, ದೀಪಸ್ತಂಭದ ಬುಡ ನೀರಿಗೆ ಬಂತು. ಗೂಟ ಅಲುಗಾಡುವುದು ಅಂದರೆ ಹೀಗೆ.

ಈಗ ಸಂಸಾರದ ಮಾತು. ನಿಮ್ಮ ಪತ್ರದಲ್ಲಿ ಮನಸ್ಸಿಗೆ ಚುಚ್ಚಿದ್ದು ಇದೇ. “ಕರೆತಂದು ಮನೆ ಕಟ್ಟಿಕೊಟ್ಟು” ಎಂದಿರಿ. ನಿಮ್ಮ ಕರಾವಳಿಯ ಒಂದು ಕೇರಿಯವರನ್ನು ಎತ್ತಿ ಬಯಲುಸೀಮೆಯಲ್ಲಿ ಸಾಲುಮನೆ ಕಟ್ಟಿಕೊಟ್ಟರೆ?

ಮಿಯಾಂಗಸ್ ಇರುವ ತಲೌಡ್ ಜಿಲ್ಲೆಯಲ್ಲೇ ಕಕೊರೊತಾನ್ ಎಂಬ ಇನ್ನೊಂದು ಗಡಿ ದ್ವೀಪ ಇದೆ. ಅಲ್ಲಿ ‘ಎಹಾ’ ಎಂಬ ಕಟ್ಟಳೆ. ಗೊತ್ತುಮಾಡಿದ ಜಾಗದಲ್ಲಿ ತಿಂಗಳುಗಟ್ಟಲೆ ಯಾರೂ ಮೀನು ಹಿಡಿಯುವ ಹಾಗಿಲ್ಲ. ಅವಧಿ ಮುಗಿದ ಮೇಲೆ, ಮೇ ತಿಂಗಳ ಹೊತ್ತಿಗೆ, ‘ಮನೆಎ’ ಹಬ್ಬ. ಕಾಡುಬಳ್ಳಿಯ ಉದ್ದನೆಯ ಹಗ್ಗಕ್ಕೆ ಎಳೆ ತೆಂಗಿನ ಗರಿ ಸುತ್ತುತ್ತಾರೆ. ಬಲೆಯಲ್ಲ, ಬರೀ ಹಗ್ಗ. ನೀರು ಏರಿದಾಗ ದೋಣಿಯಲ್ಲಿ ಒಯ್ದು ದೊಡ್ಡ ಸುತ್ತು ಹಾಕುತ್ತಾರೆ. ಆಮೇಲೆ ಊರಿಗೆ ಊರೇ ಹಗ್ಗ ಹಿಡಿದು ದಡಕ್ಕೆ ಎಳೆಯುತ್ತದೆ. ಅಲುಗುವ ಗರಿಗೆ ಬೆದರಿ ಮೀನು ದಾಟುವುದಿಲ್ಲ. ನೀರು ಇಳಿಯುವ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ಮೀನು ಕೈಗೇ ಸಿಗುತ್ತದೆ. ಮಕ್ಕಳು, ಮುದುಕರು ಎಲ್ಲರೂ ನೀರಿಗಿಳಿಯುತ್ತಾರೆ. ಕೈರಂಪಣಿ ಎಳೆದ ಕೈಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ 61 ದಿನ ನಿಮ್ಮಲ್ಲಿ ಯಾಂತ್ರಿಕ ದೋಣಿ ಕಡಲಿಗಿಳಿಯಬಾರದು ಎನ್ನುವುದು ಸರ್ಕಾರದ ಆದೇಶ. ಅಲ್ಲಿ ಅದನ್ನು ಊರೇ ಹೇಳುತ್ತದೆ. ನಾಲ್ಕು ಸೈನಿಕರು ಆ ಹಗ್ಗ ಎಳೆಯುತ್ತಾರಾ?

ವಿಮಾನ ನಿಲ್ದಾಣದ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಮುಕ್ಕಾಲು ಪಾಲು ಇದ್ದೇನೆ. 2016ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜೊಕೊ ವಿಡೊಡೊ ಅದನ್ನು ಉದ್ಘಾಟಿಸಿದರು. ರನ್‌ವೇ ಸುಮಾರು 1,400 ಮೀಟರ್, ಹೆಚ್ಚುಕಡಿಮೆ ದ್ವೀಪದ ಅರ್ಧ ಉದ್ದ. ಕಾಯಿಲೆ ಬಿದ್ದವರನ್ನು ಸಾಗಿಸಲು ಒಳ್ಳೆಯದೇ, ಬೇಡ ಅನ್ನಲಾರೆ. ಆದರೆ ಅಕ್ಕಿ, ಸಕ್ಕರೆ, ಸಿಮೆಂಟು, ಡೀಸೆಲ್ ಸಣ್ಣ ವಿಮಾನದಲ್ಲಿ ಬರುವುದಿಲ್ಲ. ಅದಕ್ಕೆ ‘ಪೆರಿಂತಿಸ್’ ಎಂಬ ಸರ್ಕಾರಿ ಸಹಾಯಧನದ ಹಡಗು ಬೇಕು. ಲಾಭವಿಲ್ಲದ ದಾರಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ನಿಲ್ಲುತ್ತಾ ಹೋಗುವ ಹಡಗು ಅದು, ನಮ್ಮ ಹಳ್ಳಿಯ ಕೆಂಪು ಬಸ್ಸಿನ ಹಾಗೆ. ಅಲೆ ಜೋರಿದ್ದರೆ ಬರುವುದಿಲ್ಲ. ಹಡಗು ತಪ್ಪಿದರೆ ಅಂಗಡಿ ಖಾಲಿ. ಗಡಿ ದ್ವೀಪದವರಿಗೆ ಆಚೆಯ ದಡವೇ ಹತ್ತಿರ, ನೆಂಟರೂ ಅಲ್ಲಿದ್ದಾರೆ. ಇಂಥವರ ಓಡಾಟಕ್ಕೆಂದೇ ಇಂಡೋನೇಷ್ಯಾ, ಫಿಲಿಪೈನ್ಸ್ ಎರಡೂ 1956ರಲ್ಲೇ ಒಪ್ಪಂದ ಮಾಡಿಕೊಂಡಿವೆ. ನನ್ನನ್ನು ಕೇಳಿದರೆ ಮೊದಲು ಹಡಗು, ಆಮೇಲೆ ವಿಮಾನ. ರನ್‌ವೇಗೆ ರಿಬ್ಬನ್ ಕತ್ತರಿಸಬಹುದು, ಹೇಳಿದ ದಿನ ಬಂದ ಹಡಗಿಗೆ ಯಾರು ಕತ್ತರಿಸುತ್ತಾರೆ?

ನಿಮ್ಮ ಕಾಲುಸಂಕದ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಮಿಯಾಂಗಸ್‌ನವರ ಮೇಲೆ ತೀರಿಸಬೇಡಿ. ಅವರೂ ನಿಮ್ಮ ಹಾಗೆ ಅರ್ಜಿ ಬರೆದು ಕಾಯುವ ಜನವೇ.

ಫೋಟೊ ಖಂಡಿತ ಬೇಕು. ಮೂಲಪ್ರತಿ ಅಂಚೆಗೆ ಹಾಕಬೇಡಿ, ಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿ. ಹಗ್ಗ ಹಿಡಿದವರಲ್ಲಿ ನೀವು ಎಡಗಡೆಯಿಂದ ಎಷ್ಟನೆಯವರು ಎಂದು ಹಿಂದೆ ಬರೆಯುವುದು ಮರೆಯಬೇಡಿ.

— ಸಂಪಾದಕ